ಸುತ್ತ ಮೆಶ್ ಹೊಡದ್ರೂ ಕೋಳಿ ಉಳಿವಲ್ಲವು, ಏನ್ ಮಾಡ್ಲಿ?

ಬೆಟಗೇರಿ_ಹಿತ್ತಲ:
ಇದು ಮೂರನೇ ಸಲ ಆತ್ರೀ. ಹನ್ನೊಂದು ಇದ್ದವು, ಈಗ ನಾಕು ಉಳದಾವು. ಹೋದ ತಿಂಗಳನ ರೊಕ್ಕಾ ಕೊಟ್ಟು ಹೊಸಾ ಮೆಶ್ ತಂದು ಗೂಡಿನ ಸುತ್ತ ಹೊಡದೇನಿ. ಬಾಗಲಕ್ಕ ಚಿಲಕ ಐತಿ, ಮ್ಯಾಲೆ ತಗಡ ಐತಿ. ಮುಂಜಾನೆ ಎದ್ದು ನೋಡಿದ್ರ ಹಿತ್ತಲ ತುಂಬ ಪುಚ್ಚ. ನಮ್ಮವ್ವ ನನ್ನ ಕೂಡ ಮಾತ ಬಿಟ್ಟಾಳ. ಸತ್ತದ್ದರಾಗ ಆಕಿ ಬೂದಿ ಬಣ್ಣದ ಹ್ಯಾಟಿನೂ ಇತ್ತು, ಕಾವಿಗೆ ಕುಂತಿತ್ತು. ಯಾವ ಪ್ರಾಣಿ, ಏನ್ ಉಪಾಯ? ಲಗೂನ ಹೇಳ್ರಿ.

ಜವಾರಿ_ಹುಂಜ:
ಮುಂಗಲಿ, ಮುಂಗುಸಿ ಅಂತಾರಲ್ಲ, ಅದ. ಕಣ್ಣು ಮುಚ್ಚಿ ಹೇಳ್ತೀನಿ. ಎರಡು ಬೆರಳಿನ ಸಂದಿ ಸಿಕ್ಕರ ಸಾಕು ಅದಕ್ಕ.

ಬಂಕಾಪುರ_ಕಾಕಾ:
ತಮ್ಮಾ, ಯಾವ ಮೆಶ್? ಎಷ್ಟೊತ್ತಿಗೆ ಆತು? ಗೂಡಿನ ನೆಲ ಮಣ್ಣೋ, ಕಾಂಕ್ರೀಟೋ? ತಿಂದು ಹೋಗಿತ್ತೋ, ಕೊಂದು ಬಿಟ್ಟಿತ್ತೋ? ಇಷ್ಟು ಹೇಳಲಾರದ ಯಾರು ಏನ್ ಹೇಳಾಕ ಬರತೈತಿ?

ಬೆಟಗೇರಿ_ಹಿತ್ತಲ:
ಮೆಶ್ ಅಂದ್ರ ಮೆಶ್ ರೀ ಕಾಕಾ. ಅಂಗಡ್ಯಾಗ ಕೋಳಿ ಮೆಶ್ ಅಂದ್ರ ಕೊಡ್ತಾರಲ್ಲ, ಅದ.

ಜವಾರಿ_ಹುಂಜ:
ಮುಂಗಲಿನ ಅದು. ನಮ್ಮ ಹೊಲದಾಗ ಒಂದ ವಾರದಾಗ ಆರು ಮರಿ ಹೊತ್ತೊಯ್ದೈತಿ. ಎಲ್ಲಾ ತೂತು ಮುಚ್ಚಿ ಒಂದು ಬೋನು ಇಡ್ರಿ.

ಸಪ್ತಾಪುರ_ಮಾಳಿಗಿ:
ಬೋನು ಗೀನು ಯಾಕ್ರೀ? ಒಂದು ಮುಧೋಳ ನಾಯಿ ಸಾಕ್ರಿ. ನಮ್ಮ ತ್ವಾಟದಾಗ ಎರಡು ಅವ, ಬೆಕ್ಕು ಸುದ್ದಾ ಕಾಲಿಡಂಗಿಲ್ಲ. 2005ರಾಗ ಅಂಚೆ ಇಲಾಖೆ ಆ ತಳಿ ಮ್ಯಾಲೆ ಸ್ಟ್ಯಾಂಪ್ ತಂದದ, ಅಂಥಾ ನಾಯಿ. ನನ್ನ ಗೂಡಿಗೆ ಸೋಲಾರ್ ದೀಪ, ಕ್ಯಾಮೆರಾ, ಸಂಜಿಗೆ ತಾನ ಮುಚ್ಚೋ ಬಾಗಲಾ ಎಲ್ಲಾ ಅದ. ಫೋಟೋ ಹಾಕ್ಲೇನು?

ಹಾವೇರಿ_ಮೊಟ್ಟಿ_ಅಕ್ಕ:
ಓಡೋದು ಕಂಡ್ರ ಬೆನ್ನ ಹತ್ತೋ ಬ್ಯಾಟಿ ನಾಯಿ ರೀ ಅದು. ಮರಿದಿಂದ ಪಳಗಿಸದಿದ್ರ ನಿಮ್ಮ ಕೋಳಿಗೇ ಮದಲ ಬಾಯಿ ಹಾಕತೈತಿ.

ಸಪ್ತಾಪುರ_ಮಾಳಿಗಿ:
ನಮ್ಮವು ಹಾಕಿಲ್ಲ.

ಹಾವೇರಿ_ಮೊಟ್ಟಿ_ಅಕ್ಕ:
ಇರಲಿ ಬಿಡ್ರಿ. ಬೆಟಗೇರಿ ತಮ್ಮಾ, ಮುಂಗಲಿ ಹಗಲ ತಿರಗೋ ಪ್ರಾಣಿ. ರಾತ್ರಿ ಬಂದಿದ್ರ ಅದಲ್ಲ. ಟೈಮ್ ಹೇಳು.

ಬೆಟಗೇರಿ_ಹಿತ್ತಲ:
ರಾತ್ರಿ ಎರಡರ ಸುಮಾರು. ಗದ್ದಲ ಕೇಳಿ ಎದ್ದೆ, ಕರೆಂಟ್ ಇರಲಿಲ್ಲ. ಬ್ಯಾಟರಿ ಹುಡುಕೋದ್ರಾಗ ಮುಗದ ಹೋಗಿತ್ತು. ನಾಕು ಸತ್ತು ಬಿದ್ದಿದ್ದವು, ಒಂದನ್ನೂ ತಿಂದಿರಲಿಲ್ಲ. ಬೆನ್ನ ಮ್ಯಾಲೆ, ತೊಡಿ ಮ್ಯಾಲೆ ಹರದ ಗಾಯ. ಇದು ಎಲ್ಲಾರಿಗೂ ಗೊತ್ತಿರತೈತಿ ಅಂತ ಬರೀಲಿಲ್ಲ.

ಬಂಕಾಪುರ_ಕಾಕಾ:
ಎಲ್ಲಾರಿಗೂ ಹೆಂಗ ಗೊತ್ತಿರತೈತಿ, ನಾವೇನ್ ನಿನ್ನ ಹಿತ್ತಲದಾಗ ಮಲಗೀವೇನು? ನಾಯಿ ಅದು, ಅದೂ ಎರಡು ಮೂರು ಕೂಡಿ ಬಂದಾವು. ಪುನುಗು ಬೆಕ್ಕ ಆಗಿದ್ರ ಒಂದೆರಡು ಕೊಂದು ತಿಂತಿತ್ತು. ನಾಯಿಗೆ ಆಟ. ಬಡಬಡಿಸೋದು ಕಂಡ್ರ ಒಂದೊಂದ ಹಿಡದು ಝಾಡಿಸಿ ಒಗದು ಮುಂದಿಂದಕ್ಕ ಹೋಗತೈತಿ. ಒಳಗ ಎಲ್ಲಿಂದ ಹೊಕ್ಕವು, ಕೆಳಗ ಕುಂತು ನೋಡಿದೇನು?

ಜವಾರಿ_ಹುಂಜ:
ನಾಯಿ ಆದ್ರ ಒಂದು ತುಂಡಿಗೆ ಔಷಧ... [ನಿರ್ವಾಹಕರು: ಉಳಿದದ್ದನ್ನು ತೆಗೆದಿದ್ದೇವೆ. ನಾಯಿಗೆ ವಿಷ ಹಾಕುವುದು ಅಪರಾಧ. ಮುಂಗುಸಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಾಗಾಗಿ ಬೋನಿನ ಮಾತೂ ಇಲ್ಲಿ ಬೇಡ.]

ಬೆಟಗೇರಿ_ಹಿತ್ತಲ:
ಕಾಕಾ, ಈಗ ನೋಡಿ ಬಂದೆ. ಮೆಶ್ ಎಲ್ಲೂ ಕಡದಿಲ್ಲ. ಹಿಂದಿನ ಮೂಲಿಯೊಳಗ ಬುಡದ್ದು ಒಳಗ ಮಡಚೈತಿ. ಎರಿ ನೆಲ ನಮ್ದು, ಕಪ್ಪು ಮಣ್ಣು, ಬ್ಯಾಸಗಿಗೆ ಬಿರಕ ಬಿಟ್ಟೈತಿ, ನನ್ನ ಅಂಗೈ ಆರಾಮ ಇಳಿತು. ಕಂಬಾನೂ ಕೈ ಹಚ್ಚಿದ್ರ ಅಳ್ಳಾಡತೈತಿ. ಹಾಕುವಾಗ ಗಟ್ಟಿ ಇತ್ತು ರೀ, ಆಣಿಗೂ.

ಬಂಕಾಪುರ_ಕಾಕಾ:
ಹಾಕಿದ್ದು ನೆಲ ಹಸಿ ಇದ್ದಾಗ ಇರಬೇಕು. ಎರಿ ಒಣಗಿದ್ರ ಕುಗ್ಗತೈತಿ, ಕಂಬದ ಸುತ್ತ ಸಂದಿ ಬೀಳತೈತಿ, ಮಳಿಗಾಲಕ್ಕ ಉಬ್ಬಿ ಮತ್ತ ಅದನ್ನ ನೂಕತೈತಿ. ಬಿರಕಿನಾಗ ಮೂತಿ ತುರಕಿ ಕೆದರಿದ್ರ ಮುಗೀತು. ಆ ಆರು ಮೂಲಿ ತೂತಿನ ಮೆಶ್ ಕೋಳಿ ಹೊರಗ ಹಾರದಂಗ ಇಡಾಕ ಅಷ್ಟ. ದೊಡ್ಡ ನಾಯಿ ಕಾಲ ಕೊಟ್ಟು ಜಗ್ಗಿದ್ರ ತಂತಿ ಸುರುಳಿ ಬಿಚ್ಚತೈತಿ. ಅರ್ಧ ಇಂಚಿನ ಚೌಕದ ವೆಲ್ಡ್ ಮೆಶ್ ತಗೊ. ಕೆಳಗಿನ ಎರಡು ಮೂರು ಫೂಟಿಗೆ ಅದನ್ನ ಹೊಡಿ, ಮ್ಯಾಲೆ ಹಳೇದ ಇರಲಿ. ಬುಡದಾಗ ಸೀದಾ ಹುಗಿಬ್ಯಾಡ, ಒಂದೂವರಿ ಫೂಟ್ ಹೊರಗ ಮಡಚಿ ನೆಲದ ಮ್ಯಾಲೆ ಹಾಸು. ನಾಯಿ ಗ್ವಾಡಿ ಬುಡದಾಗ ಕೆದರತೈತಿ, ಕಾಲಾಗ ಜಾಳಗಿ ಸಿಕ್ಕರ ಬಿಡತೈತಿ, ಹಿಂದ ಸರದು ಕೆದರಬೇಕು ಅನ್ನೋದು ಅದಕ್ಕ ಹೊಳಿಯಂಗಿಲ್ಲ.

ಸಪ್ತಾಪುರ_ಮಾಳಿಗಿ:
ಸುತ್ತ ಒಂದು ಫೂಟ್ ಕಾಂಕ್ರೀಟ್ ಹಾಕಿಬಿಡ್ರಿ, ನಾ ಹಂಗ ಮಾಡೇನಿ.

ಬಂಕಾಪುರ_ಕಾಕಾ:
ನಿಮ್ಮದು ಮಸಾರಿ, ಕೆಂಪು ಮಣ್ಣಿನ ಭೂಮಿ ಸರ. ಎರಿ ಮ್ಯಾಲೆ ತೆಳ್ಳಗ ಕಾಂಕ್ರೀಟ್ ಹಾಕಿದ್ರ ಒಂದ ವರ್ಷಕ್ಕ ಸೀಳತೈತಿ.

ಹಾವೇರಿ_ಮೊಟ್ಟಿ_ಅಕ್ಕ:
ಹಳೇ ಪರಸಿ ಕಲ್ಲಿದ್ರ ಮಡಚಿದ ಮೆಶ್ ಮ್ಯಾಲೆ ಹಾಸು, ನೆಲದ ಕೂಡ ಅವೂ ಅಳ್ಳಾಡತಾವು, ಒಡಿಯಂಗಿಲ್ಲ. ಇನ್ನೊಂದು: ಸತ್ತ ಕೋಳಿ ಏನ್ ಮಾಡಿದಿ?

ಬೆಟಗೇರಿ_ಹಿತ್ತಲ:
ಹಿಂದ ತಿಪ್ಪಿಗೆ ಒಗದೆ. ಯಾಕ?

ಹಾವೇರಿ_ಮೊಟ್ಟಿ_ಅಕ್ಕ:
ಮೂರೂ ಸಲ?

ಬೆಟಗೇರಿ_ಹಿತ್ತಲ:
ಹೂಂ.

ಹಾವೇರಿ_ಮೊಟ್ಟಿ_ಅಕ್ಕ:
ಅಯ್ಯ ಶಿವನ. ಪಂಕ್ತಿ ಊಟಕ್ಕ ಕರದಂಗ ಆತಲ್ಲೋ! ಆಳ ತೆಗ್ಗು ತಗದು ಸುಣ್ಣ ಹಾಕಿ ಮುಚ್ಚು. ಓಣಿಯೊಳಗ ಚಿಕನ್ ಅಂಗಡಿ ಹೊಲಸು ಬೀಳತಿದ್ರ ಅದನ್ನೂ ನಿಂದ್ರಸು. ನಗರಸಭೆಗೆ ಅರ್ಜಿ ಕೊಟ್ರೂ 2023ರ ಬೀದಿ ನಾಯಿ ನಿಯಮದಂಗ ನಾಯಿ ಒಯ್ದು ಸಂತಾನಹರಣ ಮಾಡಿ, ಲಸಿಕಿ ಚುಚ್ಚಿ, ತಿರಗಿ ನಿನ್ನ ಓಣಿಗೇ ಬಿಡತಾರ. ನಾಯಿ ಹೋಗತಾವು ಅಂತ ನಂಬಿ ಗೂಡು ಹಂಗ ಬಿಡಬ್ಯಾಡ.

[ಹನ್ನೆರಡು ದಿನದ ನಂತರ]

ಬೆಟಗೇರಿ_ಹಿತ್ತಲ:
ವೆಲ್ಡ್ ಮೆಶ್ ಹೊಡದೆ. ಪಕ್ಕದ ಮನಿ ಕೆಡವಿದ್ರು, ಅಲ್ಲಿಂದ ಪರಸಿ ತಂದು ಸುತ್ತ ಹಾಸೇನಿ. ನಿನ್ನೆ ರಾತ್ರಿ ಮತ್ತ ಬಂದಿದ್ದವು, ಕಲ್ಲಿನ ಅಂಚಿಗೆ ಉಗರು ಕೆರದ ಗುರುತ ಅದಾವು, ಒಳಗ ನಾಕೂ ಅದಾವು. ನಮ್ಮವ್ವ ನನಗ ಚಹಾ ಕೊಟ್ಲು. ಆದ್ರ ದಿನಾ ಒಂದು ಮೊಟ್ಟಿ ಕಡಿಮಿ ಬರಾಕತ್ತೈತಿ. ಸಿಪ್ಪಿ ಸುದ್ದಾ ಇಲ್ಲ. ಹಗಲ ಹೊತ್ತಿನ್ಯಾಗ, ಬಾಗಲಾ ತಗದಾಗ.

ಜವಾರಿ_ಹುಂಜ:
ಮುಂಗಲಿ.

ಬಂಕಾಪುರ_ಕಾಕಾ:
ಮುಂಗಲಿ ಒಡದು ತಿಂದ್ರ ಎಲ್ಲೆರ ಸಿಪ್ಪಿ ಸಿಗತಿತ್ತು. ಹಾವಿರಬೇಕು, ಇಡೀದ ನುಂಗತೈತಿ. ಮೊಟ್ಟಿ ಬುಟ್ಟಿಗೆ ಸುಮ್ಮನ ಕೈ ಹಾಕಬ್ಯಾಡ. ಗೂಡಿನ ನೆಲದಾಗ ಇಲಿ ಬಿಲ ಅದಾವೇನು, ಮದಲ ಅದನ್ನ ನೋಡು.

ಜವಾರಿ_ಹುಂಜ:
ಹಾವಿದ್ರ ಹಿಂದ ಮುಂಗಲಿ ಬಂದ ಬರತೈತಿ, ನೋಡ್ರಿ ಬೇಕಾದ್ರ.