38ನೇ ವಯಸ್ಸಿನಲ್ಲಿ ಸರ್ವೆ, ಜಿಐಎಸ್ ಕಲಿಯಬಹುದಾ? ಅನುಭವ ಇದ್ದವರು ಹೇಳಿ

ದಾವಣಗೆರೆಯಿಂದ ಪ್ರಶ್ನೆ: ನಾನಿದ್ದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಮುಚ್ಚಿತು. ಐಟಿಐ ಫಿಟ್ಟರ್ ಓದಿದ್ದೇನೆ. ಅಮೆರಿಕದಲ್ಲಿ ಕೆಲಸ ಹೋದವರು ಊರಿನ ಕಮ್ಯುನಿಟಿ ಕಾಲೇಜಿಗೆ ಸೇರಿ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕಲಿಯುತ್ತಾರಂತೆ. ನಮ್ಮ ಕಡೆ ಇದು ಆಗುತ್ತದಾ? ಇಬ್ಬರು ಮಕ್ಕಳು ಓದುತ್ತಿದ್ದಾರೆ.

ಚಿತ್ರದುರ್ಗದಿಂದ: ಆಗುತ್ತದೆ ಸರ್, ನನಗೆ ಆಗಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ನಾನು ಭೀಮಸಮುದ್ರದ ಕಡೆ ಅದಿರು ಲಾರಿಗಳ ತೂಕ ಬರೆಯುತ್ತಿದ್ದೆ. ಒಂದೇ ವಾರದಲ್ಲಿ ಕೈ ಖಾಲಿ. ಆಮೇಲೆ ಗಣಿ ಅಳೆಯುವ ತಂಡವೊಂದಕ್ಕೆ ಪ್ರಿಸಂ ಕೋಲು (ಅಳೆಯುವ ಯಂತ್ರದ ಬೆಳಕನ್ನು ವಾಪಸ್ ಕಳಿಸುವ ಗಾಜು ಕಟ್ಟಿದ ಕೋಲು) ಹಿಡಿಯಲು ಆಳು ಬೇಕಿತ್ತು. ದಿನಗೂಲಿಗೆ ಹೋದೆ. ದೂರ, ಕೋನ ಅಳೆಯುವ ಆ ಯಂತ್ರಕ್ಕೆ ಟೋಟಲ್ ಸ್ಟೇಷನ್ ಅಂತಾರೆ. ಅದನ್ನು ನಿಲ್ಲಿಸಿ ಲೆವೆಲ್ ಮಾಡುವುದನ್ನು ಅಲ್ಲೇ ಕಲಿತೆ. ನೀವು ಫಿಟ್ಟರ್, ಮಿಲಿಮೀಟರ್ ಅಂದರೇನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ.

ಜಿಐಎಸ್ ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಉಚಿತ. ಸುಮ್ನೆ ದೊಡ್ಡ ಫೀಸು ಕಟ್ಟಬೇಡಿ. ನನ್ನ ಮೊದಲ ನಕ್ಷೆಯಲ್ಲಿ ಮೂರು ಎಕರೆ ಹೊಲದ ವಿಸ್ತೀರ್ಣ ಬರೀ ಸೊನ್ನೆಗಳ ಸಾಲಾಗಿ ಬಂತು. ಅಳತೆಯನ್ನು ಅಕ್ಷಾಂಶ, ರೇಖಾಂಶದ ಡಿಗ್ರಿಯಲ್ಲೇ ಬಿಟ್ಟಿದ್ದೆ. ಅದನ್ನು ಯುಟಿಎಂಗೆ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿಗೆ, ಬದಲಿಸಿದ ಮೇಲೆ ಸರಿಹೋಯಿತು. ದಾವಣಗೆರೆ, ಚಿತ್ರದುರ್ಗ ಎರಡಕ್ಕೂ 43ನೇ ವಲಯ. ಕೋಲಾರ ಪೇಟೆಗೆ ಹೋದರೆ 44.

ಆದರೆ ಕಂಪ್ಯೂಟರ್ ಕಷ್ಟವಲ್ಲ ಸರ್. ಕಲಿಯುವಾಗ ಮನೆ ನಡೆಯಬೇಕಲ್ಲ, ಅದು ಕಷ್ಟ. ನನ್ನ ಹೆಂಡತಿ ಅಡಿಕೆ ಸುಲಿಯಲು ಹೋಗಿ ಒಂದು ವರ್ಷ ಮನೆ ನೋಡಿಕೊಂಡಳು. ಐಟಿಐಯಲ್ಲಿ ಸರ್ವೇಯರ್ ಟ್ರೇಡ್ ಇದೆ, ಆದರೆ ಸಂಸಾರ ಇರುವವರು ಎರಡು ವರ್ಷ ಹಗಲು ಹೊತ್ತು ಹೋಗಿ ಕೂರುವುದು ಹೇಗೆ? ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳು ಕೆಲಸ ಹೋದವರಿಗೆಂದೇ ಆರು ತಿಂಗಳ ಸಂಜೆ ತರಗತಿ ನಡೆಸಬೇಕು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಲೇ ಇದ್ದೇನೆ.

ದಾವಣಗೆರೆಯಿಂದ ಇನ್ನೊಬ್ಬರು: ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದೆ ಅಣ್ಣ. ಈಗ ಹಳೇ ಗ್ರಾಮ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುತ್ತೇನೆ. ಎರಡು ಹೊಲದ ಗೆರೆಗಳ ನಡುವೆ ಕೂದಲೆಳೆ ಸಂದು ಉಳಿದರೂ ನಕ್ಷೆ ವಾಪಸ್ ಬರುತ್ತದೆ. ಹೊಲಿಗೆಯ ಕಣ್ಣು ಇಲ್ಲಿ ತುಂಬಾ ಕೆಲಸಕ್ಕೆ ಬಂತು. ಒಂದು ಎಚ್ಚರಿಕೆ: ಇದು ಗುತ್ತಿಗೆ ಕೆಲಸ. ಪ್ರಾಜೆಕ್ಟ್ ಮುಗಿದಾಗ ನನಗೆ ನಾಲ್ಕು ತಿಂಗಳು ಸಂಬಳ ಇರಲಿಲ್ಲ. ಕೈಯಲ್ಲಿ ಸ್ವಲ್ಪ ಉಳಿಸಿಕೊಂಡು ಇಳಿಯಿರಿ.

ಹೊಸದುರ್ಗದಿಂದ: ಡ್ರೋನ್ ಯೋಚನೆ ಇದ್ದರೆ, ಪೈಲಟ್ ಸರ್ಟಿಫಿಕೇಟಿಗೆ ಹತ್ತನೇ ಕ್ಲಾಸ್ ಪಾಸಾಗಿದ್ದು 18ರಿಂದ 65 ವಯಸ್ಸಿದ್ದರೆ ಸಾಕು, ತರಬೇತಿ ಮಾತ್ರ ದುಬಾರಿ. 2021ರ ನಿಯಮದಿಂದ 50 ಹೆಕ್ಟೇರ್ ಮೇಲಿನ ಗಣಿಗಳಿಗೆ ಡ್ರೋನ್ ಸರ್ವೆ ಕಡ್ಡಾಯ. ಬರೀ ಹಾರಿಸಲು ಬಂದರೆ ಆಗಲಿಲ್ಲ, ನೆಲದ ಮೇಲೆ ಗುರುತು ಹಾಕಿ ಅಳೆಯುವುದೂ ಬರಬೇಕು.

ಚಿತ್ರದುರ್ಗದಿಂದ ಮತ್ತೆ: ಇವರ ಮಾತು ನಿಜ, ನೆಲದಿಂದಲೇ ಶುರು ಮಾಡಿ ಸರ್. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಳ್ಳಿ. ಗುರುತಿನವರ ಹೊಲದಲ್ಲಿ ನಿಂತು ಸರ್ವೆ ನಂಬರ್ ನೋಡಿ. ಆಮೇಲೆ ಬಾಂದುಕಲ್ಲು ಹುಡುಕಿ. ಮೊಬೈಲ್ ತೋರಿಸುವ ಗೆರೆಗೂ ಕಲ್ಲಿಗೂ ಎಷ್ಟು ದೂರ ಬರುತ್ತದೆ ಅಂತ ಟೇಪಿನಲ್ಲಿ ಅಳೆದು ಇಲ್ಲಿ ಬರೆಯಿರಿ. ಆ ವ್ಯತ್ಯಾಸ ಯಾಕೆ ಬಂತು ಅಂತ ನಾನು ಹೇಳಿಕೊಡುತ್ತೇನೆ.