ಡೆಡ್ ಬ್ಯಾಟರಿ: ಕೊನೆಯ ಕಪ್ಪು ಕ್ಲಿಪ್ ಎಲ್ಲಿಗೆ ಹಾಕಬೇಕು?

ಪ್ರಶ್ನೆ: ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟ್ ತಗೊಳ್ಳೋ ಜಂಪರ್ ಕೇಬಲ್ ಇದೆ. ಕಪ್ಪು ಕ್ಲಿಪ್ಪನ್ನು ಡೆಡ್ ಬ್ಯಾಟರಿಯ ಮೈನಸ್‌ಗೇ ಹಾಕಬಹುದಾ?

ಉತ್ತರ 1: ಬೇಡ. ಎರಡೂ 12 ವೋಲ್ಟ್ ಬ್ಯಾಟರಿ ತಾನೇ? ಎರಡೂ ಗಾಡಿ ಆಫ್ ಮಾಡಿ. ಕೆಂಪು ಮೊದಲು ಡೆಡ್ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಚೆನ್ನಾಗಿರೋದರ ಪ್ಲಸ್‌ಗೆ. ಕಪ್ಪು ಚೆನ್ನಾಗಿರೋದರ ಮೈನಸ್‌ಗೆ, ಕೊನೆಯದು ನಿಮ್ಮ ಎಂಜಿನ್ನಿನ ಪೇಂಟ್ ಇಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಆ ಕ್ಲಿಪ್ ತಾಗುವಾಗಲೇ ಕಿಡಿ ಹಾರೋದು. ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತೆ, ಸಿಡಿಯಬಹುದು.

ಉತ್ತರ 2: ಕೇಬಲ್ ಹಾಕಿದ ಮೇಲೆ ಬ್ಯಾಟರಿ ಚೆನ್ನಾಗಿರೋ ಗಾಡಿಯ ಎಂಜಿನ್ 5 ನಿಮಿಷ ಓಡಲಿ, ಆಮೇಲೆ ನಿಮ್ಮ ಗಾಡಿಯ ಸೆಲ್ಫ್ ಹೊಡೆಯಿರಿ. ಬಿಚ್ಚೋದು ಉಲ್ಟಾ ಕ್ರಮದಲ್ಲಿ. ಕೇಬಲ್ ಬಿಸಿಯಾದರೆ ತಂತಿ ತೆಳು ಇರಬಹುದು, ಇಲ್ಲಾ ಕ್ಲಿಪ್ ಸರಿಯಾಗಿ ಕೂತಿರಲಿಕ್ಕಿಲ್ಲ.

ಉತ್ತರ 3: ಬ್ಯಾಟರಿ ಉಬ್ಬಿದ್ದರೆ, ಸೋರುತ್ತಿದ್ದರೆ ಮುಟ್ಟಲೇಬೇಡಿ. ಸ್ಟಾರ್ಟ್ ಆಗಿ ಕೇಬಲ್ ಬಿಚ್ಚಿದ ಮೇಲೂ ಎಂಜಿನ್ ಓಡುವಾಗ ಬ್ಯಾಟರಿಯ ಮೀಟರ್ 12.5 ವೋಲ್ಟ್ ದಾಟದಿದ್ದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಭಾಗ) ನೋಡಿಸಿ. ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು.