ಬಾಣಂತಿಯರಿಗೆ ಸಿಗುವ ಹಾಲುಣಿಕೆಯ ಬೆಂಬಲವನ್ನು ಕಂಪ್ಯೂಟರ್ ಸಿಮ್ಯುಲೇಷನ್ ಮೂಲಕ ಅಧ್ಯಯನ ಮಾಡುವುದು: ಸಿಂಧನೂರು ಭಾಗದ ಹಳ್ಳಿಗಳಿಗೆ ಎಂಥ ಮಾದರಿ ಬೇಕು?

ಪ್ರಶ್ನೆ: ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ ಸಿಂಧನೂರು ತಾಲ್ಲೂಕಿನ ಕಾಲುವೆ ಭಾಗದ ಹಳ್ಳಿಗಳನ್ನು ಆರಿಸಿಕೊಂಡಿದ್ದೇನೆ. ಕೂಲಿಯಿಂದಲೇ ಬದುಕು ಸಾಗಿಸುವ ಮನೆಗಳ ತಾಯಂದಿರಿಗೆ ಎದೆಹಾಲುಣಿಸುವ ವಿಷಯದಲ್ಲಿ ಯಾರಿಂದ, ಯಾವ ಹೊತ್ತಿನಲ್ಲಿ, ಎಷ್ಟು ಬೆಂಬಲ ಸಿಗುತ್ತದೆ ಎಂಬುದು ನನ್ನ ವಿಷಯ. ಮಾರ್ಗದರ್ಶಕರು ಬರೀ ಪ್ರಶ್ನಾವಳಿಯ ಸಮೀಕ್ಷೆ ಸಾಲದು, ಸಿಮ್ಯುಲೇಷನ್ ಮಾದರಿಯೊಂದನ್ನು, ಅಂದರೆ ಹಳ್ಳಿಯ ಬದುಕನ್ನು ಕಂಪ್ಯೂಟರಿನೊಳಗೆ ಅನುಕರಿಸುವ ಲೆಕ್ಕವೊಂದನ್ನು, ಕಟ್ಟಿ ನೋಡಿ ಎಂದು ಸೂಚಿಸಿದ್ದಾರೆ. ನೆಟ್‌ಲೋಗೊ ಎಂಬ, ಇಂಥ ಮಾದರಿ ಕಟ್ಟುವ ತಂತ್ರಾಂಶದ ಪ್ರಾಥಮಿಕ ಪರಿಚಯ ನನಗಿದೆ.

ಗೊಂದಲ ಇರುವುದು ಇಲ್ಲಿ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 89ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ಶೇ. 42 ಮಾತ್ರ, ಮತ್ತು ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲಿನ ಮೇಲಿರುವವರು ಶೇ. 64. ನಾನು ಓದಿದ ಸಿಮ್ಯುಲೇಷನ್ ಲೇಖನಗಳೆಲ್ಲ ಅಮೆರಿಕದ ಬಡ ತಾಯಂದಿರನ್ನು, ಅದರಲ್ಲೂ ಅಲ್ಲಿನ ವಿಕ್ ಎಂಬ ಪೌಷ್ಟಿಕ ಆಹಾರ ಯೋಜನೆಯ ಫಲಾನುಭವಿಗಳನ್ನು ಮುಂದಿಟ್ಟುಕೊಂಡು ಬರೆದವು. ಆ ಮಾದರಿಯಲ್ಲಿ ತಾಯಿ ಎದೆಹಾಲು ಮತ್ತು ಡಬ್ಬಿಹಾಲಿನ ನಡುವೆ ಆಯ್ಕೆ ಮಾಡುತ್ತಾಳೆ, ಸ್ನೇಹಿತೆಯರು ಮತ್ತು ಸಲಹೆಗಾರ್ತಿಯರು ಆ ಆಯ್ಕೆಯ ಮೇಲೆ ಪ್ರಭಾವ ಬೀರುತ್ತಾರೆ. ಇದನ್ನೇ ಅಂಕಿಅಂಶ ಬದಲಿಸಿ ನಮ್ಮ ಹಳ್ಳಿಗಳಿಗೆ ಹೊಂದಿಸಿಕೊಳ್ಳಬಹುದೇ? ಹೊಂದಿಸುವುದಾದರೆ ನಮ್ಮ ಜಿಲ್ಲೆಯ ಅಂಕಿಗಳನ್ನು ಎಲ್ಲಿಂದ ತರುವುದು? ಕೊನೆಗೆ ಬಂದ ಫಲಿತಾಂಶವನ್ನು ಪರೀಕ್ಷಕರು ನಂಬುವುದಾದರೂ ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಅನ್ವಯಿಕ ಗಣಿತದ ಅಧ್ಯಾಪಕ, ಬಳ್ಳಾರಿ

ಅಂಕಿ ಬದಲಿಸಿದರೆ ಸಾಲದು, ಮಾದರಿಯ ಚೌಕಟ್ಟೇ ಬೇರೆಯಾಗಬೇಕು ಎಂಬುದು ನನ್ನ ಅಭಿಪ್ರಾಯ. ವಿಕ್ ಯೋಜನೆಯು ಒಂದು ಕೈಯಲ್ಲಿ ಹಾಲುಣಿಸುವ ತಾಯಂದಿರಿಗೆ ಅವರಂಥದೇ ಹಿನ್ನೆಲೆಯ, ಸ್ವತಃ ಹಾಲುಣಿಸಿದ ಅನುಭವವಿರುವ ಸಲಹೆಗಾರ್ತಿಯರನ್ನು ಒದಗಿಸುತ್ತದೆ, 2004ರಿಂದ ಅದಕ್ಕೆಂದೇ ಅನುದಾನವೂ ಇದೆ. ಇನ್ನೊಂದು ಕೈಯಲ್ಲಿ ಬೇಕೆಂದವರಿಗೆ ಡಬ್ಬಿಹಾಲನ್ನೂ ಅದೇ ಯೋಜನೆ ಕೊಡುತ್ತದೆ. ಆದ್ದರಿಂದ ಅಲ್ಲಿನ ಮಾದರಿಯಲ್ಲಿ ಡಬ್ಬಿಹಾಲು ಪ್ರಮುಖ ಪಾತ್ರಧಾರಿಯಾಗುವುದು ಸಹಜ. ನಮ್ಮಲ್ಲಿ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯು ಶಿಶು ಆಹಾರದ ಜಾಹೀರಾತನ್ನೇ ನಿಷೇಧಿಸಿವೆ, ಸರ್ಕಾರ ಅದನ್ನು ಬಡವರಿಗೆ ಹಂಚುವುದೂ ಇಲ್ಲ. ಸಿಂಧನೂರಿನ ಕೂಲಿಕಾರ ತಾಯಿ ಎದೆಹಾಲನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವುದಿಲ್ಲ. ಎದೆಹಾಲಿನ ಜೊತೆಗೆ ನೀರು, ಎಮ್ಮೆಯ ಹಾಲು, ಒಂದೆರಡು ಚಮಚ ಚಹಾ ಒಂದೊಂದಾಗಿ ಸೇರಿಕೊಳ್ಳುತ್ತವೆ. ಆದ್ದರಿಂದ ನಿಮ್ಮ ಮಾದರಿಯಲ್ಲಿ ಮಗುವಿನ ಸ್ಥಿತಿಯನ್ನು ‘ಬರೀ ಎದೆಹಾಲು’, ‘ಎದೆಹಾಲಿನೊಂದಿಗೆ ನೀರು’, ‘ಎದೆಹಾಲಿನೊಂದಿಗೆ ಬೇರೆ ಹಾಲು ಅಥವಾ ಆಹಾರ’ ಎಂದು ಇಟ್ಟುಕೊಳ್ಳಿ, ಮತ್ತು ಒಂದು ಸ್ಥಿತಿಯಿಂದ ಹಿಂದಿನದಕ್ಕೆ ಮರಳುವ ದಾರಿಯನ್ನು ತೆರೆದಿಡಿ. ಒಳ್ಳೆಯ ಸಲಹೆ ಸಿಕ್ಕ ತಾಯಿ ನೀರು ಕುಡಿಸುವುದನ್ನು ನಿಲ್ಲಿಸಬಲ್ಲಳು. ಬದುಕುಳಿಕೆಯ ವಿಶ್ಲೇಷಣೆಯ (ಒಂದು ಘಟನೆ ನಡೆಯುವವರೆಗೆ ಎಷ್ಟು ಕಾಲ ಹಿಡಿಯುತ್ತದೆ ಎಂದು ಅಳೆಯುವ ಸಂಖ್ಯಾಶಾಸ್ತ್ರದ ವಿಧಾನ) ಸಿದ್ಧ ಸೂತ್ರಗಳು ಈ ಮರಳುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಏಜೆಂಟ್ ಆಧಾರಿತ ಮಾದರಿಯೇ, ಅಂದರೆ ಪ್ರತಿ ತಾಯಿ, ಅತ್ತೆ, ಆಶಾರನ್ನು ಬೇರೆಬೇರೆ ಪಾತ್ರಗಳಾಗಿ ಇಟ್ಟು ಅವರ ನಡವಳಿಕೆಯನ್ನು ಅನುಕರಿಸುವ ಮಾದರಿಯೇ ಬೇಕೇ ಎಂದು ಯಾರಾದರೂ ಕೇಳಬಹುದು. ಜಿಲ್ಲೆಯ ಒಟ್ಟು ಚಿತ್ರ ಮಾತ್ರ ಬೇಕಿದ್ದರೆ, ಎಂ.ಐ.ಟಿ.ಯ ಜೇ ಫಾರೆಸ್ಟರ್ 1950ರ ದಶಕದಲ್ಲಿ ರೂಪಿಸಿದ, ಜನರನ್ನು ಒಬ್ಬೊಬ್ಬರಾಗಿ ನೋಡದೆ ಒಟ್ಟು ಸಂಖ್ಯೆಗಳ ಏರಿಳಿತವನ್ನು ಸಮೀಕರಣಗಳಲ್ಲಿ ಹಿಡಿಯುವ ವ್ಯವಸ್ಥಾ ಚಲನಶಾಸ್ತ್ರವೇ ಸಾಕಾಗುತ್ತದೆ. ಆದರೆ ಯಾವ ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತದೆ, ಯಾವ ಓಣಿಗೆ ಆಶಾ ಕಾರ್ಯಕರ್ತೆ ಹೋಗುತ್ತಾರೆ ಎಂಬಂಥ ವ್ಯತ್ಯಾಸಗಳೇ ನಿಮ್ಮ ಪ್ರಶ್ನೆಯ ತಿರುಳಾಗಿರುವುದರಿಂದ ಏಜೆಂಟ್ ಮಾದರಿ ಸೂಕ್ತ. ಇನ್ನೊಂದು ಕಾರಣವೂ ಇದೆ. ಸುಮಾರು 1000 ಜನರಿಗೆ ಒಬ್ಬ ಆಶಾ ಇರುತ್ತಾರೆ. ಸಾವಿರಕ್ಕೆ 20ರ ಆಸುಪಾಸಿನ ಜನನ ಪ್ರಮಾಣ ಹಿಡಿದರೆ ಅವರ ವ್ಯಾಪ್ತಿಯಲ್ಲಿ ಯಾವುದೇ ಹೊತ್ತಿನಲ್ಲಿ ಆರು ತಿಂಗಳೊಳಗಿನ ಮಕ್ಕಳು ಹತ್ತರಷ್ಟು ಮಾತ್ರ. ಒಂದು ಮಗುವಿಗೆ ನೀರು ಕುಡಿಸಿದರೂ ಆ ಹಳ್ಳಿಯ ಶೇಕಡಾವಾರು ಹತ್ತು ಅಂಶ ಇಳಿಯುತ್ತದೆ. ಇಂಥ ಸಣ್ಣ ಸಂಖ್ಯೆಗಳ ಏರಿಳಿತವನ್ನು ಸರಾಸರಿಯ ಸಮೀಕರಣ ಮರೆಮಾಡುತ್ತದೆ.

ಈಗ ಅಂಕಿಗಳ ವಿಷಯ. ಆ ಶೇ. 64ನ್ನು ದಯವಿಟ್ಟು ತಪ್ಪಾಗಿ ಓದಬೇಡಿ. ಸಮೀಕ್ಷೆಯವರು ಕೇಳುವುದು ನಿನ್ನೆಯ ಹಗಲು ಮತ್ತು ರಾತ್ರಿ ಮಗುವಿಗೆ ಏನೇನು ಕೊಟ್ಟಿರಿ ಎಂದು, ಅದೂ ಹುಟ್ಟಿದ ದಿನದಿಂದ ಐದು ತಿಂಗಳು ತುಂಬಿದವರೆಗಿನ ಎಲ್ಲ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಸೇರಿಸಿ. ಹಾಗಾಗಿ ನೂರರಲ್ಲಿ 64 ಮಕ್ಕಳು ಆರು ತಿಂಗಳು ಪೂರ್ತಿ ಬರೀ ಎದೆಹಾಲಿನ ಮೇಲೆ ಬೆಳೆದರು ಎಂದು ಅದರ ಅರ್ಥವಲ್ಲ. ನಿಜವಾಗಿ ಹಾಗೆ ಬೆಳೆದವರು ಅದಕ್ಕಿಂತ ಕಡಿಮೆಯೇ ಇರುತ್ತಾರೆ. ಇದಕ್ಕೆ ಪರಿಹಾರವೆಂದರೆ ಮಾದರಿಯೊಳಗೇ ಒಬ್ಬ ಕಾಲ್ಪನಿಕ ಸಮೀಕ್ಷಕನನ್ನು ಇಟ್ಟು, ಅದೇ ‘ನಿನ್ನೆ’ಯ ಪ್ರಶ್ನೆಯನ್ನು ಮಾದರಿಯ ತಾಯಂದಿರಿಗೆ ಕೇಳಿಸುವುದು. ಆ ಉತ್ತರವನ್ನಷ್ಟೇ ಸಮೀಕ್ಷೆಯ ಅಂಕಿಗೆ ಹೋಲಿಸಬೇಕು. ಜಿಲ್ಲಾ ಮಟ್ಟದ ಅಂಕಿಯನ್ನು ಬಳಸುವ ಮುನ್ನ ಅದೇ ಸಮೀಕ್ಷೆಯ ಜಿಲ್ಲಾವಾರು ಅಂಕಿಗಳ ಪತ್ರದಲ್ಲಿ ಅದರ ಸುತ್ತ ಆವರಣ ಚಿಹ್ನೆ ಇದೆಯೇ ನೋಡಿ. ಇದ್ದರೆ ಅದು 25ರಿಂದ 49 ಮಕ್ಕಳ ಮಾಹಿತಿಯಿಂದ ಬಂದದ್ದು, ಅದರ ಮೇಲೆ ಮಾದರಿಯನ್ನು ನಿಲ್ಲಿಸುವುದು ಕ್ಷೇಮವಲ್ಲ.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪಳ ಜಿಲ್ಲೆ

ನನಗೆ ಕಂಪ್ಯೂಟರ್ ಮಾದರಿಗಳ ಪರಿಚಯವಿಲ್ಲ, ಆದರೂ ಮೇಲಿನ ಉತ್ತರದಲ್ಲಿ ಬಾರದ ಒಂದು ಮುಖ್ಯ ಸಂಗತಿಯನ್ನು ಹೇಳಬೇಕಾಗಿದೆ. ನಿಮ್ಮ ಮಾದರಿಯಲ್ಲಿ ತಾಯಿ ಒಂದೇ ಊರಿನಲ್ಲಿ ಇರುತ್ತಾಳೆಯೇ? ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬಾಣಂತನ ಮುಗಿಸಿ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಕಳುಹಿಸುವುದು ವಾಡಿಕೆ. ತವರಿನಲ್ಲಿದ್ದಾಗ ಹೇಳುವವರು ಹಡೆದ ತಾಯಿ, ಅಜ್ಜಿ ಮತ್ತು ಆ ಊರಿನ ಆಶಾ. ಗಂಡನ ಮನೆಗೆ ಬಂದ ದಿನದಿಂದ ಅತ್ತೆ, ನೆಗೆಣ್ಣಿ ಮತ್ತು ಬೇರೊಬ್ಬ ಆಶಾ. ಅಂದರೆ ಆಕೆಯ ಸುತ್ತಲಿನ ಬಳಗ ಒಂದೇ ದಿನದಲ್ಲಿ ಪೂರ್ತಿ ಬದಲಾಗುತ್ತದೆ.

ಇದರ ಪಕ್ಕಕ್ಕೆ ಭೇಟಿಗಳ ವೇಳಾಪಟ್ಟಿಯನ್ನು ಇಟ್ಟು ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಮನೆಗೆ ಹೋಗಬೇಕಾದದ್ದು 3, 7, 14, 21, 28 ಮತ್ತು 42ನೆಯ ದಿನ. ಅದಾದ ಮೇಲೆ, 2018ರಲ್ಲಿ ಆರಂಭವಾದ ಕಾರ್ಯಕ್ರಮದಂತೆ, 3, 6, 9, 12 ಮತ್ತು 15ನೆಯ ತಿಂಗಳಲ್ಲಿ. 42ನೆಯ ದಿನದಿಂದ ಮೂರು ತಿಂಗಳು ತುಂಬುವವರೆಗೆ, ಅಲ್ಲಿಂದ ಆರನೆಯ ತಿಂಗಳವರೆಗೆ ವೇಳಾಪಟ್ಟಿಯಲ್ಲಿ ಬೇರೆ ಭೇಟಿ ಇಲ್ಲ. ತಾಯಿ ಊರು ಬದಲಿಸುವುದೂ ಕೂಲಿಗೆ ಮರಳುವುದೂ ಇದೇ ಅವಧಿಯಲ್ಲಿ. ಮೂರನೆಯ ತಿಂಗಳ ಭೇಟಿಯ ಹೊತ್ತಿಗೆ ಆಕೆ ತವರಿನಲ್ಲಿದ್ದಾಳೋ ಗಂಡನ ಮನೆಯಲ್ಲಿದ್ದಾಳೋ ಎಂದು ಇಬ್ಬರು ಆಶಾಗಳಿಗೂ ಸರಿಯಾಗಿ ತಿಳಿಯದೆ, ಆ ಹೆಸರು ಎರಡೂ ಊರಿನ ಪಟ್ಟಿಯಿಂದ ಜಾರಿಹೋಗುವುದನ್ನು ನಾನು ಬಹಳ ಕಂಡಿದ್ದೇನೆ.

ಕೂಲಿಯ ಲೆಕ್ಕವೂ ತಿಂಗಳ ಲೆಕ್ಕವೇ. ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ, ಆಮೇಲೆ ಕಳೆ, ದೀಪಾವಳಿಯ ಆಚೀಚೆ ಹತ್ತಿ ಬಿಡಿಸುವುದು, ಚಳಿಗಾಲ ಕಳೆಯುವಾಗ ಮೆಣಸಿನಕಾಯಿ. ನಾಟಿಗೆ ಹೆಂಗಸರು ಗುಂಪುಗುಂಪಾಗಿ ನಸುಕಿನಲ್ಲೇ ಟಂಟಂ ಹತ್ತುತ್ತಾರೆ, ಗುಂಪು ಬಿಟ್ಟವಳಿಗೆ ಮುಂದಿನ ಕರೆ ಬರುವುದು ಖಾತ್ರಿಯಿಲ್ಲ. ಮಗುವನ್ನು ಕರೆದೊಯ್ದರೆ ಬಿಸಿಲು, ಬಿಟ್ಟುಹೋದರೆ ಎಮ್ಮೆ ಹಾಲು. 2017ರ ತಿದ್ದುಪಡಿಯಲ್ಲಿ ಬಂದ 26 ವಾರಗಳ ಹೆರಿಗೆ ರಜೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಸಂಬಂಧಿಸಿದ್ದು, ಗದ್ದೆಗೆ ಅದು ಇಳಿಯಲಿಲ್ಲ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಲಿಂಗಸುಗೂರು ಕಡೆಯ ಒಣಭೂಮಿಯ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋದರಂತೂ ಭೇಟಿಯ ಮಾತೇ ಇಲ್ಲ.

ಬೆಂಬಲ ಸೇರಿಸಬಹುದಾದ ಒಂದು ಜಾಗವೂ ಇದೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟವಿದೆ. ದಿನವೂ ಬರುವ ತಾಯಿಯೊಂದಿಗೆ ಮಾತನಾಡಲು ಬೇರೆ ಭೇಟಿ ಬೇಕಿಲ್ಲ. ಆದರೆ ಹಸಿ ಬಾಣಂತಿಯನ್ನು ಹೊರಗೆ ಕಳುಹಿಸುವುದಿಲ್ಲ, ಕೂಲಿಗೆ ಹೋಗುವವಳು ಮಧ್ಯಾಹ್ನ ಊರಿನಲ್ಲಿರುವುದಿಲ್ಲ. ಈ ಎರಡನ್ನೂ ಕಳೆದು ಉಳಿದ ದಿನಗಳಷ್ಟೇ ನಿಮ್ಮ ಲೆಕ್ಕಕ್ಕೆ ಸಿಗುವುದು.

ಉತ್ತರ: ಮಕ್ಕಳ ವೈದ್ಯ, ರಾಯಚೂರು

ಎರಡು ಮಾತು ಸೇರಿಸುತ್ತೇನೆ. ಮಗು ಚೀಪಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಹಾಲು ಸಾಲದೆಂಬ ಅನುಮಾನದಿಂದ ಹೊರಗಿನ ಹಾಲು ಕೊಟ್ಟರೆ ಮಗು ಚೀಪುವುದು ಕಡಿಮೆಯಾಗಿ, ಹಾಲು ನಿಜವಾಗಿಯೂ ಇಳಿದು, ಆ ಅನುಮಾನ ಗಟ್ಟಿಯಾಗುತ್ತದೆ. ಈ ಚಕ್ರ ಮಾದರಿಯೊಳಗೆ ಇರಲೇಬೇಕು, ಏಕೆಂದರೆ ಬೆಂಬಲ ತಲುಪುವ ಹೊತ್ತು ಎಷ್ಟು ಮುಖ್ಯ ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ. ಮೊದಲ ವಾರವಾದರೆ ದಿನಕ್ಕೆ ಆರು ಸಲ ಅಥವಾ ಹೆಚ್ಚು ಮೂತ್ರ ಮಾಡುತ್ತಿದೆಯಲ್ಲ, ಹಾಲು ಸಾಕಾಗುತ್ತಿದೆ ಎಂದು ತೋರಿಸಿಕೊಟ್ಟರೆ ಚಕ್ರ ಅಲ್ಲಿಗೇ ನಿಲ್ಲಬಹುದು. ಎರಡು ತಿಂಗಳು ಕಳೆದ ಮೇಲೆ ಅದೇ ಮಾತಿಗೆ ಅಷ್ಟು ಬಲವಿರುವುದಿಲ್ಲ.

ಎರಡನೆಯದು ಬೇಸಿಗೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಬಿಸಿಲುನಾಡಿನಲ್ಲೂ ಆರು ತಿಂಗಳವರೆಗೆ ನೀರು ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ, ‘ಕೂಸಿಗೆ ಗಂಟಲು ಒಣಗುವುದಿಲ್ಲವೇ’ ಎಂದು ಕೇಳುವ ಅಜ್ಜಿಯ ಎದುರು ಹೊಸ ತಾಯಿ ಸೋಲುತ್ತಾಳೆ. ನೀರು ಸೇರುವ ಸಂಭವವನ್ನು ವರ್ಷವಿಡೀ ಒಂದೇ ಎಂದು ಇಟ್ಟರೆ ರಾಯಚೂರಿನ ಮಾದರಿಯೆನಿಸದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮೇಡಂ ಹೇಳಿದ ತವರಿನ ವಿಷಯ ನಾನು ಓದಿದ ಯಾವ ಲೇಖನದಲ್ಲೂ ಇರಲಿಲ್ಲ. ಬಳಗ ಬದಲಾಗುವುದನ್ನು, ಕೂಲಿಯ ಪಂಚಾಂಗವನ್ನು, ಬೇಸಿಗೆಯನ್ನು ಸೇರಿಸುತ್ತೇನೆ. ಆದರೆ ಅಧ್ಯಾಪಕರಲ್ಲಿ ಒಂದು ಕೇಳಬೇಕು. ಒಂದು ಭೇಟಿಯಿಂದ ತಾಯಿಯ ನಿರ್ಧಾರ ಎಷ್ಟು ಬದಲಾಗುತ್ತದೆ ಎಂಬ ಸಂಖ್ಯೆಯನ್ನು ನಾನು ಎಲ್ಲಿಂದ ತರಲಿ? ಊಹಿಸಿ ಬರೆದರೆ ಇಡೀ ಮಾದರಿ ಊಹೆಯೇ ಆಗುವುದಿಲ್ಲವೇ?

ಉತ್ತರ: ಅನ್ವಯಿಕ ಗಣಿತದ ಅಧ್ಯಾಪಕ, ಬಳ್ಳಾರಿ

ಆ ಸಂಖ್ಯೆಗೆ ಆಧಾರಗಳಿವೆ. ಮೆಕ್ಸಿಕೊ ನಗರದ ಅಂಚಿನ ಬಡಾವಣೆಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ಭೇಟಿ ಪಡೆದ ತಾಯಂದಿರಲ್ಲಿ ಶೇ. 67, ಮೂರು ಭೇಟಿ ಪಡೆದವರಲ್ಲಿ ಶೇ. 50, ಭೇಟಿಯೇ ಇಲ್ಲದವರಲ್ಲಿ ಶೇ. 12 ಮಂದಿ ಮೂರು ತಿಂಗಳ ಹೊತ್ತಿಗೆ ಬರೀ ಎದೆಹಾಲು ಕೊಡುತ್ತಿದ್ದರು. ಮೊದಲ ಮೂರು ಭೇಟಿಗಳು ತಂದ ಬದಲಾವಣೆ ದೊಡ್ಡದು, ನಂತರದ ಮೂರು ತಂದದ್ದು ಸಣ್ಣದು ಎಂಬ ಆಕಾರ ಇಲ್ಲಿ ಕಾಣುತ್ತದೆ. ಢಾಕಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತರಬೇತಿ ಪಡೆದ ನೆರೆಹೊರೆಯ ತಾಯಂದಿರು ಐದನೆಯ ತಿಂಗಳವರೆಗೆ ಭೇಟಿ ಮುಂದುವರಿಸಿದಾಗ ಐದು ತಿಂಗಳ ಹೊತ್ತಿಗೆ ಆ ಪ್ರಮಾಣ ಶೇ. 70 ಇತ್ತು, ಭೇಟಿಯಿಲ್ಲದ ಕಡೆ ಶೇ. 6. ನಮ್ಮ ದೇಶದ ಹರಿಯಾಣದ ಹಳ್ಳಿಗಳ 2003ರ ವರದಿಯಲ್ಲಿ ಮೂರು ತಿಂಗಳಿಗೆ ಸಲಹೆ ಸಿಕ್ಕ ಕಡೆ ಶೇ. 79, ಸಿಗದ ಕಡೆ ಶೇ. 48. ಅಲ್ಲಿ ಸಲಹೆ ಕೊಟ್ಟವರು ಅಂಗನವಾಡಿ ಕಾರ್ಯಕರ್ತೆಯರೂ ಸೇರಿದಂತೆ ಊರಲ್ಲಿ ಮೊದಲೇ ಕೆಲಸ ಮಾಡುತ್ತಿದ್ದವರು. ನಿಮಗೆ ಹತ್ತಿರವಾದದ್ದು ಇದೇ.

ಈ ಮೂರರಲ್ಲಿ ಎರಡರಿಂದ ಭೇಟಿಯ ಪ್ರಭಾವವನ್ನು ಹೊಂದಿಸಿ, ಮೂರನೆಯದನ್ನು ಮುಟ್ಟದೆ ಬದಿಗಿಡಿ. ಹೊಂದಿಸಿದ ಮಾದರಿಯಲ್ಲಿ ಆ ಮೂರನೆಯ ಊರಿನ ಪರಿಸ್ಥಿತಿಯನ್ನು ಹಾಕಿದಾಗ ಅದರ ಫಲಿತಾಂಶ ಸರಿಸುಮಾರು ಬಂದರೆ ಪರೀಕ್ಷಕರಿಗೆ ತೋರಿಸಲು ಒಂದು ಆಧಾರ ಸಿಕ್ಕಂತಾಯಿತು. ಬಾರದಿದ್ದರೆ ಏಕೆ ಬರಲಿಲ್ಲ ಎಂಬುದೇ ಪ್ರಬಂಧದ ಒಂದು ಅಧ್ಯಾಯವಾಗುತ್ತದೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಮಾದರಿಯ ವಿವರಣೆಯನ್ನು 2006ರಲ್ಲಿ ಗ್ರಿಮ್ ಮತ್ತು ಸಂಗಡಿಗರು ಸೂಚಿಸಿದ ಓ.ಡಿ.ಡಿ. (ಸ್ಥೂಲ ನೋಟ, ವಿನ್ಯಾಸದ ಪರಿಕಲ್ಪನೆಗಳು, ವಿವರಗಳು) ಎಂಬ ಕ್ರಮದಲ್ಲಿ ಬರೆದರೆ ಬೇರೆಯವರೂ ಅದನ್ನು ಮತ್ತೆ ಕಟ್ಟಿ ಪರೀಕ್ಷಿಸಬಹುದು.

ಮಾದರಿಯಿಂದ ‘ಸಿಂಧನೂರಿನಲ್ಲಿ ಮುಂದಿನ ವರ್ಷ ಇಷ್ಟು ಶೇಕಡಾ’ ಎಂಬ ಭವಿಷ್ಯವನ್ನು ಮಾತ್ರ ಕೇಳಬೇಡಿ. ಹೋಲಿಕೆಯನ್ನು ಕೇಳಿ. ಆಶಾಗೆ ಇರುವ ಸಮಯ ಅಷ್ಟೇ ಇರಲಿ. 21 ಮತ್ತು 28ನೆಯ ದಿನಗಳ ಎರಡು ಭೇಟಿಗಳಲ್ಲಿ ಒಂದನ್ನು ಎರಡನೆಯ ತಿಂಗಳ ಕೊನೆಗೆ ಸರಿಸಿದರೆ ಏನಾಗುತ್ತದೆ? ತವರಿನ ಆಶಾ ಗಂಡನ ಮನೆಯ ಆಶಾಗೆ ಫೋನ್ ಮಾಡಿ ತಾಯಿಯನ್ನು ಒಪ್ಪಿಸುವ ಪದ್ಧತಿ ಇದ್ದರೆ ಏನಾಗುತ್ತದೆ? ನಾಟಿಯ ಗದ್ದೆಯ ಹತ್ತಿರ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿಗೆ ಕೂಲಿ ಕೊಟ್ಟರೆ? ಪ್ರತಿಯೊಂದನ್ನೂ ನೂರಾರು ಬಾರಿ ಓಡಿಸಿ, ಮತ್ತು ಹೋಲಿಸುವ ಎರಡು ವ್ಯವಸ್ಥೆಗಳಿಗೂ ಒಂದೇ ಯಾದೃಚ್ಛಿಕ (ಚೀಟಿ ಎತ್ತಿದಂತೆ ಆಕಸ್ಮಿಕವಾಗಿ ಬರುವ) ಸಂಖ್ಯೆಗಳ ಸರಣಿಯನ್ನು ಕೊಡಿ. ಆಗ ಕಾಣುವ ವ್ಯತ್ಯಾಸದಲ್ಲಿ ಅದೃಷ್ಟದ ಪಾಲು ಕಡಿಮೆಯಾಗುತ್ತದೆ. ಒಂದು ಭೇಟಿಯ ಪ್ರಭಾವವನ್ನು ಅರ್ಧಕ್ಕೆ ಇಳಿಸಿದಾಗಲೂ ದುಪ್ಪಟ್ಟು ಮಾಡಿದಾಗಲೂ ಅದೇ ವ್ಯವಸ್ಥೆ ಮುಂದಿದ್ದರೆ ನಿಮ್ಮ ಊಹೆಯ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಸ್ಥಾನ ಅದಲುಬದಲಾದರೆ, ಹಳ್ಳಿಗಳಿಗೆ ಹೋದಾಗ ನಿಮ್ಮ ಪ್ರಶ್ನಾವಳಿಯಲ್ಲಿ ಮೊದಲು ಅಳೆಯಬೇಕಾದದ್ದು ಆ ಸಂಖ್ಯೆಯನ್ನೇ.